ಸವೆದ ಬೆರಳಿನ ಅಚ್ಚು

ಕಳೆದ ಮಳೆಗಾಲದ ಒಂದು ಬೆಳಿಗ್ಗೆ ನನ್ನ ಫೋನು ನನ್ನನ್ನು ಗುರುತಿಸಲಿಲ್ಲ. ಅದರ ಹಿಂದಿನ ಮೂರು ದಿನ ತಾಮ್ರದ ಪ್ಲೇಟೊಂದನ್ನು ಮರಳುಕಾಗದದಿಂದ ಉಜ್ಜಿ ಹೊಳಪಿಗೆ ತರುವ ಕೆಲಸದಲ್ಲಿದ್ದುದರಿಂದ ಬಲಗೈ ಹೆಬ್ಬೆರಳು ಗಾಜಿನಂತೆ ನುಣುಪಾಗಿತ್ತು. ಐದು ಸಲ ಒತ್ತಿದರೂ ಪರದೆ ತೆರೆದುಕೊಳ್ಳದೆ, ಕಡೆಗೆ ಗುಟ್ಟಿನ ಅಂಕಿಗಳನ್ನು ಒತ್ತಿ, ನನ್ನದೇ ಮನೆಗೆ ಹಿತ್ತಿಲ ಬಾಗಿಲಿನಿಂದ ಹೋದಂತೆ ಒಳಹೊಕ್ಕೆ. ಲೋಹದ ಪ್ಲೇಟಿನಲ್ಲಿ ಚಿತ್ರ ಕೊರೆದು ಕಾಗದಕ್ಕೆ ಅಚ್ಚೊತ್ತುವ, ಅಂದರೆ ಎಚ್ಚಿಂಗ್ ಮಾಡುವ ನಮ್ಮಂಥವರಿಗೆ ಇದೇನೂ ಹೊಸದಲ್ಲ. ಆದರೆ ಸಂಜೆ ಅಮ್ಮನಿಗೆ ಇದನ್ನು ಹೇಳಿದಾಗ ಅವರು ಸೆರಗನ್ನು ಬಾಯಿಗೆ ಹಿಡಿದು ನಕ್ಕ ನಗುವಿನಲ್ಲಿ ‘ಈಗ ಗೊತ್ತಾಯಿತೇ’ ಎಂಬ ಧಾಟಿಯಿತ್ತು.

ಅಮ್ಮ ಶ್ರೀರಾಂಪುರದ ಬಾಡಿಗೆ ಮನೆಯ ನಡುಮನೆಯಲ್ಲಿ ಕುಳಿತು ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಊದುಬತ್ತಿ ಹೊಸೆದವರು. ಇದ್ದಿಲ ಪುಡಿ, ಮರದ ಹೊಟ್ಟು, ಜಿಗಟು ಪುಡಿ ಇವನ್ನು ನೀರಿನಲ್ಲಿ ಕಲಸಿ, ಒಂದು ಚಿಟಿಕೆ ಕಣಕವನ್ನು ಬಿದಿರ ಕಡ್ಡಿಗೆ ಮೆತ್ತಿ, ತಗ್ಗು ಹಲಗೆಯ ಮೇಲೆ ಅಂಗೈಯ ಒಂದೇ ಬೀಸಿಗೆ ಉರುಳಿಸುವ ಆ ಕೆಲಸಕ್ಕೆ ಸಾವಿರದ ಲೆಕ್ಕದಲ್ಲಿ ಕೂಲಿ. ನಾನು ಶಾಲೆಯಿಂದ ಬರುವ ಹೊತ್ತಿಗೆ ಅಮ್ಮನ ಕೈ ಮೊಣಕೈವರೆಗೆ ಕಪ್ಪಾಗಿರುತ್ತಿತ್ತು. ಮುಂದೆ ಹೊಸೆಯುವ ಯಂತ್ರಗಳು ಬಂದವು, ಮನೆಗೆ ಬರುತ್ತಿದ್ದ ಕಡ್ಡಿಯ ಕಟ್ಟು ನಿಂತಿತು. ಕೆಲವು ವರ್ಷಗಳ ನಂತರ ಪಡಿತರದ ಅಂಗಡಿಗೆ ಇನ್ನೊಂದು ಯಂತ್ರ ಬಂತು. ಅದು ಅಮ್ಮನ ಬೆರಳನ್ನು ಕೇಳಿತು. ‘ಥಂಬ್ ಕೊಡಿ ಅಮ್ಮ’ ಎಂದ ಅಂಗಡಿಯವನು ಹತ್ತೂ ಬೆರಳನ್ನು ಒಂದೊಂದಾಗಿ ಒತ್ತಿಸಿ, ಒದ್ದೆ ಬಟ್ಟೆಯಲ್ಲಿ ಒರೆಸಿಸಿ, ತಲೆಗೂದಲಿಗೆ ಸವರಿ ಸ್ವಲ್ಪ ಎಣ್ಣೆ ಹತ್ತಿಸಿಕೊಳ್ಳಲು ಹೇಳಿ, ಮತ್ತೊಮ್ಮೆ ಒತ್ತಿಸಿ, ‘ನಿಮ್ಮದು ಹಿಡೀತಿಲ್ಲ’ ಎಂದ. ಸಾಲಿನಲ್ಲಿ ನಿಂತವರಿಗೆಲ್ಲ ಅಮ್ಮ ಯಾರೆಂದು ಗೊತ್ತಿತ್ತು, ಅಂಗಡಿಯವನಿಗೂ ಗೊತ್ತಿತ್ತು. ಆಮೇಲೆ ನನ್ನ ಮೊಬೈಲಿಗೆ ಬರುವ ಒಟಿಪಿಯಿಂದ ಅಕ್ಕಿ ಸಿಗುವಂತಾಯಿತು. ಅಂದರೆ, ಅಮ್ಮ ಅಮ್ಮನೇ ಎಂಬುದಕ್ಕೆ ಸಾಕ್ಷಿ ನನ್ನ ಕೈಚೀಲಕ್ಕೆ ವರ್ಗವಾಯಿತು.

ಮನುಷ್ಯನೂ ಯಂತ್ರವೂ ಬೆರೆಯುವ ಕಲೆ ಎಂದೊಡನೆ ನಮ್ಮ ವಲಯದಲ್ಲಿ ಮೊದಲು ನಾಲಗೆಗೆ ಬರುವ ಹೆಸರು ಸ್ಟೆಲಾರ್ಕ್. ಸೈಪ್ರಸ್‌ನಲ್ಲಿ 1946ರಲ್ಲಿ ಹುಟ್ಟಿ ಆಸ್ಟ್ರೇಲಿಯಾದಲ್ಲಿ ಬೆಳೆದ ಈ ಕಲಾವಿದ 1980ರ ಹೊತ್ತಿಗೆ ತನ್ನ ಬಲಗೈಗೆ ಯಾಂತ್ರಿಕವಾದ ಮೂರನೆಯ ಕೈಯೊಂದನ್ನು ಜೋಡಿಸಿಕೊಂಡು, ಹೊಟ್ಟೆ ಮತ್ತು ಕಾಲಿನ ಸ್ನಾಯುಗಳ ವಿದ್ಯುತ್ ಸಂಕೇತಗಳಿಂದ ಅದನ್ನು ಆಡಿಸಿದರು. ಮೂರೂ ಕೈಗಳಿಂದ ಏಕಕಾಲಕ್ಕೆ ‘ಎವಲ್ಯೂಷನ್’ ಎಂಬ ಒಂದೇ ಪದವನ್ನು ಬರೆದು ತೋರಿಸಿದರು. ಬಹುಕಾಲದ ನಂತರ ಎಡ ಮುಂಗೈಯಲ್ಲಿ ಶಸ್ತ್ರಚಿಕಿತ್ಸೆಯ ಮೂಲಕ ಒಂದು ಕಿವಿಯನ್ನೇ ಬೆಳೆಸಿಕೊಂಡರು. ಅದರೊಳಗೆ ಮೈಕ್ರೊಫೋನ್ ಇಟ್ಟು, ಆ ಕಿವಿ ಕೇಳಿದ್ದನ್ನು ಅಂತರ್ಜಾಲದ ಮೂಲಕ ಯಾರು ಬೇಕಾದರೂ ಕೇಳುವಂತೆ ಮಾಡಬೇಕೆಂಬುದು ಅವರ ಉದ್ದೇಶ. ಇಟ್ಟ ಮೈಕ್ರೊಫೋನನ್ನು ಸೋಂಕಿನಿಂದಾಗಿ ತೆಗೆಯಬೇಕಾಯಿತು. ಎರಡನೆಯ ಹೆಸರು ನೀಲ್ ಹಾರ್ಬಿಸನ್ ಅವರದು. ಹುಟ್ಟಿನಿಂದ ಬಣ್ಣಗಳೇ ಕಾಣದ, ಬೂದು ಜಗತ್ತನ್ನು ಮಾತ್ರ ನೋಡುವ ಇವರು ಬಣ್ಣವನ್ನು ಧ್ವನಿಯಾಗಿ ಕೇಳಿಸುವ ಉಪಕರಣವನ್ನು ತಲೆಗೆ ಧರಿಸಿದರು. ಇಂದು ಆ ಆಂಟೆನಾ ತಲೆಬುರುಡೆಗೇ ಕೂಡಿಕೊಂಡಿದೆ. 2004ರಲ್ಲಿ ಬ್ರಿಟನ್ನಿನ ಪಾಸ್‌ಪೋರ್ಟ್ ಅಧಿಕಾರಿಗಳು ಭಾವಚಿತ್ರದಲ್ಲಿ ಎಲೆಕ್ಟ್ರಾನಿಕ್ ಉಪಕರಣ ಇರಕೂಡದೆಂದು ಅರ್ಜಿಯನ್ನು ತಿರಸ್ಕರಿಸಿದಾಗ, ಇದು ಉಪಕರಣವಲ್ಲ, ನನ್ನ ದೇಹದ ಅಂಗ ಎಂದು ವಾದಿಸಿ ಒಪ್ಪಿಸಿದರು.

ಈ ಪಾಸ್‌ಪೋರ್ಟಿನ ಪ್ರಸಂಗವನ್ನು ನಾನು ವರ್ಷಗಟ್ಟಲೆ ಒಂದು ಗೆಲುವಿನ ಕಥೆಯಾಗಿ ಹೇಳಿಕೊಂಡು ಬಂದಿದ್ದೆ. ಪಡಿತರದ ಅಂಗಡಿಯ ಸಾಲಿನಲ್ಲಿ ನಿಂತ ಮೇಲೆ ಅದನ್ನು ಹೇಳುವ ಉತ್ಸಾಹ ಕುಗ್ಗಿದೆ. ಅಲ್ಲಿ ಒಬ್ಬ ಯಂತ್ರವೂ ತನ್ನ ದೇಹವೇ ಎಂದು ಸಾಧಿಸಿದ. ಇಲ್ಲಿ ಒಬ್ಬಾಕೆ ತನ್ನ ದೇಹ ತನ್ನದೇ ಎಂದು ಸಾಧಿಸಲಾಗದೆ ಖಾಲಿ ಚೀಲದೊಂದಿಗೆ ಮರಳಿದಳು. ಸ್ಟೆಲಾರ್ಕ್ ಮತ್ತು ಹಾರ್ಬಿಸನ್ ಇಬ್ಬರ ಕಲ್ಪನೆಯಲ್ಲೂ ಬೆರೆಯುವುದೆಂದರೆ ಕೂಡಿಸುವುದು, ಇದ್ದ ಅಂಗಗಳ ಲೆಕ್ಕಕ್ಕೆ ಇನ್ನೊಂದನ್ನು ಸೇರಿಸುವುದು. ನಾನು ಕಂಡ ಬೆರೆಯುವಿಕೆ ಹಾಗಿರಲಿಲ್ಲ. ಅಮ್ಮನ ಅಂಗೈಯೂ ಆ ಹಲಗೆಯೂ ಮೂವತ್ತು ವರ್ಷ ಒಂದನ್ನೊಂದು ತಿಕ್ಕಿ ತಿದ್ದಿಕೊಂಡವು. ಹಲಗೆಯ ನಡುವೆ ಅಂಗೈಯಗಲದ ತಗ್ಗು ಬಿತ್ತು, ಅಂಗೈಯಲ್ಲಿ ಹಲಗೆಯ ನುಣುಪು ಬಂತು. ಮನುಷ್ಯ ತನ್ನ ಸಲಕರಣೆಯೊಡನೆ ಬೆರೆಯುವುದು ಹೆಚ್ಚಾಗಿ ಸವೆತದಿಂದ, ಜೋಡಣೆಯಿಂದಲ್ಲ ಎಂಬುದು ನನ್ನ ಈಗಿನ ನಂಬಿಕೆ, ಮತ್ತು ಎರಡು ವರ್ಷದಿಂದ ನಾನು ಮಾಡುತ್ತಿರುವ ಅಚ್ಚುಗಳೆಲ್ಲ ಅದರ ಸುತ್ತಲೇ ಇವೆ.

ನಮ್ಮ ಕಸುಬಿನಲ್ಲಿ ಸವೆತಕ್ಕೆ ಒಂದು ಲೆಕ್ಕವಿದೆ. ಡ್ರೈಪಾಯಿಂಟ್‌ನಲ್ಲಿ ಲೋಹದ ಮೇಲೆ ಸೂಜಿಯಿಂದ ಗೀರಿದಾಗ ಗೆರೆಯ ಅಂಚಿನಲ್ಲಿ ಲೋಹದ ಸಣ್ಣ ಏಣು ಎದ್ದು ನಿಲ್ಲುತ್ತದೆ. ಶಾಯಿಯನ್ನು ಹಿಡಿದು ಗೆರೆಗೆ ಮಖಮಲ್ಲಿನ ಮೆದುತನ ಕೊಡುವುದು ಆ ಏಣೇ. ಪ್ರೆಸ್ಸಿನ ಒತ್ತಡಕ್ಕೆ ಅದು ಬೇಗ ಚಪ್ಪಟೆಯಾಗುವುದರಿಂದ ಹತ್ತಿಪ್ಪತ್ತು ಪ್ರತಿಗಳಾಗುವಷ್ಟರಲ್ಲಿ ಗೆರೆ ಬಡವಾಗುತ್ತದೆ. ಬೆರಳಿನ ಏಣುಗಳ ಕಥೆ ಸ್ವಲ್ಪ ಬೇರೆ. ಅವುಗಳ ವಿನ್ಯಾಸ ತಾಯಿಯ ಹೊಟ್ಟೆಯಲ್ಲಿರುವಾಗಲೇ ಚರ್ಮದ ಒಳಪದರದಲ್ಲಿ ಮೂಡಿ ನಿಲ್ಲುವುದರಿಂದ, ಮೇಲಿನ ಪದರ ಸವೆದರೂ ಕೆಲಸ ಬಿಟ್ಟ ಕೆಲವು ವಾರಗಳಲ್ಲಿ ಅದೇ ವಿನ್ಯಾಸ ಮತ್ತೆ ಕಾಣಿಸಿಕೊಳ್ಳುತ್ತದೆ. ನನ್ನ ಹೆಬ್ಬೆರಳು ಹಾಗೆಯೇ ಮರಳಿತು. ವಯಸ್ಸಾದಂತೆ ಚರ್ಮ ತೆಳುವಾಗಿ, ಒಣಗಿ, ಏಣುಗಳೇ ತಗ್ಗುತ್ತವೆ. ಅಮ್ಮನದು ಮರಳಲಿಲ್ಲ.

ಬೆರಳನ್ನು ಗುರುತಾಗಿ ಹಿಡಿಯುವ ಆಡಳಿತದ ಪದ್ಧತಿ ನಮ್ಮ ನೆಲದಲ್ಲೇ ಬೆಳೆದದ್ದು ಎಂಬುದನ್ನು ಮುದ್ರಣ ಕಲೆಯವಳಾಗಿ ನಾನು ಮರೆಯಲಾರೆ. ಬಂಗಾಳದ ಜಂಗೀಪುರದಲ್ಲಿ 1858ರಲ್ಲಿ ವಿಲಿಯಂ ಹರ್ಷೆಲ್ ಎಂಬ ಬ್ರಿಟಿಷ್ ಅಧಿಕಾರಿ ರಾಜ್ಯಧರ ಕೊನಾಯಿ ಎಂಬ ಗುತ್ತಿಗೆದಾರನಿಂದ ಕರಾರಿನ ಮೇಲೆ ಇಡೀ ಅಂಗೈಯ ಅಚ್ಚನ್ನು ಒತ್ತಿಸಿಕೊಂಡ. ನಾಳೆ ಈತ ಕರಾರು ನನ್ನದಲ್ಲ ಎನ್ನಬಾರದೆಂಬುದು ಅದರ ಹಿಂದಿದ್ದ ಲೆಕ್ಕಾಚಾರ. 1897ರಲ್ಲಿ ಕಲ್ಕತ್ತದಲ್ಲಿ ಬೆರಳಚ್ಚಿನ ಬ್ಯೂರೊ ಸ್ಥಾಪನೆಯಾಯಿತು. ಅಚ್ಚುಗಳನ್ನು ವಿಂಗಡಿಸುವ ಕ್ರಮಕ್ಕಾಗಿ ದುಡಿದವರು ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್. ಆ ಕ್ರಮಕ್ಕೆ ಉಳಿದ ಹೆಸರು ಮಾತ್ರ ಅವರ ಮೇಲಧಿಕಾರಿ ಎಡ್ವರ್ಡ್ ಹೆನ್ರಿಯದು. ಯಾರು ಯಾರೆಂದು ನಿಶ್ಚಯಿಸುವ ವಿದ್ಯೆಯಲ್ಲೇ ಹೀಗೆ ಹೆಸರು ಅದಲುಬದಲಾದದ್ದನ್ನು ನೆನೆದಾಗಲೆಲ್ಲ ನನಗೆ ಒಳಗೊಳಗೇ ನಗು ಬರುತ್ತದೆ.

ಮೊದಲ ಪ್ಲೇಟಿಗೆ ನಾನು ಆರಿಸಿಕೊಂಡದ್ದು ಸಾಫ್ಟ್ ಗ್ರೌಂಡ್ ವಿಧಾನ. ತಾಮ್ರಕ್ಕೆ ಗಟ್ಟಿಯಾಗದ ಮೇಣದ ಲೇಪ ಕೊಟ್ಟು, ಅದರ ಮೇಲೆ ಅಮ್ಮನ ಹತ್ತು ಬೆರಳನ್ನೂ ಒತ್ತಿಸಿ, ತಾಮ್ರವನ್ನು ಕೊರೆಯುವ ಫೆರಿಕ್ ಕ್ಲೋರೈಡ್ ದ್ರಾವಣದಲ್ಲಿ ಅದ್ದಿದೆ. ಶಾಯಿಗೆ ಊದುಬತ್ತಿಯ ಇದ್ದಿಲ ಪುಡಿಯನ್ನೇ ಅಗಸೆ ಎಣ್ಣೆಯಲ್ಲಿ ಅರೆದೆ. ಅಂಗಡಿಯ ಯಂತ್ರ ಹಿಡಿಯದ್ದನ್ನು ಮೇಣ ಹಿಡಿದಿತ್ತು: ಏಣುಗಳು ಅಲ್ಲಲ್ಲಿ ಮಾತ್ರ, ಅವುಗಳನ್ನು ಅಡ್ಡ ಕಡಿಯುವ ಬಿರುಕುಗಳು, ಎಡ ತೋರುಬೆರಳ ತುದಿಯಲ್ಲಿ ಹಳೆಯ ಬಿದಿರುಸಿಬಿರಿನ ಗಾಯದ ಕಲೆ. ನನ್ನ ಕಣ್ಣಿಗೆ ಅದು ಯಾವ ಭಾವಚಿತ್ರಕ್ಕಿಂತಲೂ ಹೆಚ್ಚು ಅಮ್ಮನಂತಿತ್ತು.

ಎರಡನೆಯ ಪ್ಲೇಟಿನಲ್ಲಿ ಯಂತ್ರದ ಕಣ್ಣಿನಿಂದ ನೋಡಬೇಕೆಂದುಕೊಂಡೆ. ಹಲವು ಫೋನುಗಳಲ್ಲಿರುವ ಸಂವೇದಕವು ಬೆರಳನ್ನು ನಾವಂದುಕೊಂಡಂತೆ ನೋಡುವುದೇ ಇಲ್ಲ. ಏಣು ತಾಗಿದ ಕಡೆ ಮತ್ತು ತಗ್ಗು ಉಳಿದ ಕಡೆ ವಿದ್ಯುದಾವೇಶದಲ್ಲಿ ಆಗುವ ವ್ಯತ್ಯಾಸವನ್ನು ಅಳೆಯುತ್ತದೆ. ತಾಳೆ ನೋಡುವ ಹೊತ್ತಿಗೆ ಗೆರೆಗಳ ಹರಿವಿಗಿಂತಲೂ ಮುಖ್ಯವಾಗುವುದು ಗೆರೆಯೊಂದು ಮುಗಿಯುವ ಅಥವಾ ಕವಲೊಡೆಯುವ ಬಿಂದುಗಳು, ಅವುಗಳ ನಡುವಿನ ದೂರ ಮತ್ತು ದಿಕ್ಕು. ಆದ್ದರಿಂದ ಗೆರೆಗಳನ್ನೆಲ್ಲ ಬಿಟ್ಟು, ಭೂತಗನ್ನಡಿಯಲ್ಲಿ ಅಮ್ಮನ ಅಚ್ಚನ್ನು ನೋಡುತ್ತ ಆ ಬಿಂದುಗಳನ್ನು ಮಾತ್ರ ಸೂಜಿಯಿಂದ ಕುಟ್ಟಿದೆ. ಬಲ ಹೆಬ್ಬೆರಳಿನಲ್ಲಿ ಸಿಕ್ಕಿದ್ದು ಹನ್ನೊಂದು.

ಈ ಕೆಲಸಕ್ಕೆ ನನಗೆ ಧೈರ್ಯ ಕೊಟ್ಟದ್ದು ವಿದೇಶದ ಕಿವಿಯೂ ಅಲ್ಲ, ಆಂಟೆನಾವೂ ಅಲ್ಲ. ನಮ್ಮ ಬೆಂಗಳೂರಿನ ಕಲಾವಿದೆ ಪುಷ್ಪಮಾಲಾ ಎನ್. ಅವರು ಛಾಯಾಗ್ರಾಹಕಿ ಕ್ಲೇರ್ ಆರ್ನಿ ಅವರೊಡನೆ 2000ದಿಂದ 2004ರವರೆಗೆ ಮಾಡಿದ, ದಕ್ಷಿಣ ಭಾರತದ ಸ್ತ್ರೀಯರ ಮಾದರಿಗಳನ್ನು ತಾವೇ ವೇಷ ಹಾಕಿ ಅಭಿನಯಿಸಿದ ಛಾಯಾಚಿತ್ರಗಳ ಸರಣಿಯಲ್ಲಿ, ವಸಾಹತು ಕಾಲದ ಮಾನವಶಾಸ್ತ್ರಜ್ಞರು ಚೌಕುಳಿ ಪರದೆಯ ಮುಂದೆ ಜನರನ್ನು ನಿಲ್ಲಿಸಿ ಅಳೆಯುತ್ತಿದ್ದ ಬಗೆಯನ್ನು ಮರುಸೃಷ್ಟಿಸಿದ ಚಿತ್ರವೂ ಇದೆ. ಅಳೆಯಲ್ಪಡುವ ಜಾಗದಲ್ಲಿ ಕಲಾವಿದೆಯೇ ಹೋಗಿ ನಿಂತದ್ದರಿಂದ ಅಲ್ಲಿ ನಮ್ಮ ನೋಟ ಮೊದಲು ಹೋಗುವುದು ಅಳತೆಗೋಲಿನ ಕಡೆಗೆ. ಗುರುತು ಎಂಬುದು ನಮ್ಮೊಳಗಿಂದ ಹೊಮ್ಮುವುದಕ್ಕಿಂತ ಹೆಚ್ಚಾಗಿ ಎದುರಿನ ಸಲಕರಣೆಯಲ್ಲಿ ತಯಾರಾಗುತ್ತದೆ ಎಂಬುದನ್ನು ನಾನು ಕಲಿತದ್ದು ಆ ಚಿತ್ರದಿಂದ.

ಕಸ್ತೂರಬಾ ರಸ್ತೆಯಲ್ಲಿ 2023ರಲ್ಲಿ ಬಾಗಿಲು ತೆರೆದ ಮ್ಯಾಪ್ ಕಲಾ ಸಂಗ್ರಹಾಲಯದವರು, 2011ರಲ್ಲಿ ತೀರಿಕೊಂಡ ಚಿತ್ರಕಾರ ಎಂ. ಎಫ್. ಹುಸೇನ್ ಅವರ ಡಿಜಿಟಲ್ ರೂಪವೊಂದನ್ನು ಮಾಡಿಸಿದ್ದಾರೆ; ಪ್ರಶ್ನೆ ಕೇಳಿದರೆ ಅದು ಉತ್ತರಿಸುತ್ತದೆ. ಚತುರವಾದ ಕೆಲಸ, ಆದರೆ ನನ್ನನ್ನು ಅದು ಹಿಡಿದು ನಿಲ್ಲಿಸಲಿಲ್ಲ, ಏಕೆಂದರೆ ಆ ಹುಸೇನರಲ್ಲಿ ಸವೆಯುವಂಥದ್ದು ಏನೂ ಇಲ್ಲ. ಹಾಗೆಂದು ನಾನು ಯಂತ್ರಗಳಿಂದ ದೂರ ನಿಂತವಳೆಂದು ಭಾವಿಸಬೇಡಿ. 2022ರ ಡಿಸೆಂಬರ್‌ನಲ್ಲಿ, ಮುಖ ಗುರುತಿಸಿ ಪ್ರಯಾಣಿಕರನ್ನು ಒಳಬಿಡುವ ಡಿಜಿಯಾತ್ರಾ ಶುರುವಾದ ಮೊದಲ ವಿಮಾನ ನಿಲ್ದಾಣಗಳಲ್ಲಿ ನಮ್ಮ ಕೆಂಪೇಗೌಡ ನಿಲ್ದಾಣವೂ ಒಂದು. ಅಲ್ಲಿ ಕ್ಯಾಮೆರಾಗೆ ಮುಖ ತೋರಿಸಿ, ಗೇಟು ತೆರೆದಾಗ ಒಂದು ಕ್ಷಣ ಗೌರವ ಸಿಕ್ಕಂತೆ ಹಿಗ್ಗಿದ್ದೇನೆ. ಆ ಹಿಗ್ಗನ್ನು ಇನ್ನೂ ಅಚ್ಚಿಗೆ ತರಲು ಆಗಿಲ್ಲ.

ಚುಕ್ಕಿಗಳ ಪ್ಲೇಟಿನ ಮೊದಲ ಪ್ರೂಫನ್ನು, ಅಂದರೆ ಪರೀಕ್ಷೆಗೆ ತೆಗೆದ ಪ್ರತಿಯನ್ನು, ಹೋದ ತಿಂಗಳು ಮನೆಗೆ ತಂದು ಗೋಡೆಗೆ ಒರಗಿಸಿಟ್ಟೆ. ಅಮ್ಮ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿ, ‘ಚುಕ್ಕಿ ಇಟ್ಟಿದ್ದೀಯ, ಗೆರೆ ಎಳೆದಿಲ್ಲವಲ್ಲ’ ಎಂದರು. ಯಂತ್ರಕ್ಕೆ ಕಾಣುವುದು ಇಷ್ಟೇ ಎಂದು ವಿವರಿಸಿದೆ. ಮರುದಿನ ಬೆಳಿಗ್ಗೆ ನೋಡಿದರೆ ಹನ್ನೊಂದರಲ್ಲಿ ಎಂಟು ಚುಕ್ಕಿಗಳನ್ನು ನೀಲಿ ಬಾಲ್‌ಪೆನ್ನಿನಿಂದ, ಹೊಸಿಲ ಮುಂದೆ ಹಾಕುವ ಬಳ್ಳಿ ರಂಗೋಲಿಯಂತೆ ಸುತ್ತು ಹಾಕಿ ಕೂಡಿಸಿದ್ದರು. ಉಳಿದ ಮೂರು ಏಕೆ ಹಾಗೇ ಇವೆ ಎಂದು ಕೇಳಿದ್ದಕ್ಕೆ, ಅವು ಸಾಲಿಗೆ ಬರುವುದಿಲ್ಲ, ನೀನೇ ತಪ್ಪು ಇಟ್ಟಿದ್ದೀಯ ಎಂದರು. ಆಮೇಲೆ ತೆಗೆದ ಅಂತಿಮ ಅಚ್ಚುಗಳ, ಅಂದರೆ ಎಡಿಷನ್ನಿನ, ಹತ್ತು ಪ್ರತಿಗಳಿಗೂ ಪೆನ್ಸಿಲಿನಲ್ಲಿ ಸಂಖ್ಯೆ ಬರೆದು ನನ್ನ ಸಹಿ ಹಾಕಿದ್ದೇನೆ. ಈ ಪ್ರೂಫಿಗೆ ಸಂಖ್ಯೆ ಬರೆದಿಲ್ಲ; ಇದಕ್ಕೆ ಸಹಿ ಹಾಕಬೇಕಾದವರು ಅಮ್ಮ. ಪೆನ್ಸಿಲು ಮುಂದೆ ಹಿಡಿದರೆ ಅವರು ಈಗಲೂ ಅದನ್ನು ಬದಿಗೆ ಸರಿಸಿ, ಶಾಯಿ ಎಲ್ಲಿ ಎನ್ನುತ್ತ ಎಡಗೈಯ ಹೆಬ್ಬೆಟ್ಟನ್ನು ಮುಂದೆ ಚಾಚುತ್ತಾರೆ.