ಕೇದಾರಕಂಠಕ್ಕೆ ಹೊರಟವರೇ, ಮೊದಲು ಬೆನ್ನು ಅಳೆಸಿಕೊಳ್ಳಿ

ಉತ್ತರಾಖಂಡದ ಕೇದಾರಕಂಠ ಶಿಖರದ ಚಾರಣ ಶುರುವಾಗುವುದು ಸಾಂಕ್ರಿ ಎಂಬ ಹಳ್ಳಿಯಿಂದ. ಡೆಹ್ರಾಡೂನಿನಿಂದ ಅಲ್ಲಿಗೆ ಸುಮಾರು 200 ಕಿ.ಮೀ. ಘಾಟಿಯ ತಿರುವುಗಳಲ್ಲೇ ಹಗಲು ಕಳೆದುಹೋಗುತ್ತದೆ. ದಾರಿಯಲ್ಲಿ ಸಿಗುವ ಪುರೋಲಾ ಪಟ್ಟಣ ದಾಟಿದ ಮೇಲೆ ಎಟಿಎಂ ನೆಚ್ಚಿಕೊಳ್ಳಬೇಡಿ, ಬೇಕಾದ ನಗದು ಮೊದಲೇ ಇಟ್ಟುಕೊಳ್ಳಿ. ಮರುದಿನ ಚಾರಣ ಶುರು. ಮೊದಲ ದಿನದ ಬಿಡಾರವಾದ ಜುಡಾ ಕಾ ತಾಲಾಬ್ ಎಂಬ ಕೆರೆ ತಲುಪುವ ಹೊತ್ತಿಗೆ ಬೆನ್ನಿನ ಬ್ಯಾಗಿನ ಭಾರಕ್ಕೆ ನನ್ನ ಎರಡೂ ಹೆಗಲು ಕೆಂಪೇರಿ ಉರಿಯುತ್ತಿದ್ದವು.

ಬ್ಯಾಗಿನ ಬಟ್ಟೆ ಗಟ್ಟಿ, ಹೊಲಿಗೆ ಚೆನ್ನಾಗಿತ್ತು. ಆದರೆ ಎಷ್ಟು ಸಾಮಾನು ಹಿಡಿಸುತ್ತದೆ ಎಂಬ ಲೀಟರ್ ಲೆಕ್ಕ ನೋಡಿ ಕೊಂಡಿದ್ದೆ, ಬೆನ್ನಿನ ಅಳತೆ ನೋಡಿರಲಿಲ್ಲ. ನನ್ನ ಬೆನ್ನಿಗೆ ಅದು ಗಿಡ್ಡ. ಸೊಂಟದ ಪಟ್ಟಿ ಹೊಟ್ಟೆಯ ಮೇಲೆ ಕೂತು, ಭಾರವೆಲ್ಲ ಹೆಗಲಿಗೆ ಬಿತ್ತು. ಜೊತೆಗಿದ್ದ ಗೆಳತಿಯ ಎತ್ತರ ನನ್ನಷ್ಟೇ, ಬೆನ್ನು ಮಾತ್ರ ನನಗಿಂತ ಗಿಡ್ಡ. ಅವಳ ಬ್ಯಾಗು ಅವಳಿಗೆ ಉದ್ದವಾಗಿ ಸೊಂಟದಿಂದ ಜಾರುತ್ತಿತ್ತು. ಆ ರಾತ್ರಿ ಬ್ಯಾಗು ಅದಲುಬದಲು ಮಾಡಿಕೊಂಡೆವು. ಮರುದಿನದ ನಡಿಗೆಯೇ ಬೇರೆ.

ಅಳೆಯುವುದು ಸುಲಭ. ತಲೆ ಬಗ್ಗಿಸಿದಾಗ ಕತ್ತಿನ ಬುಡದಲ್ಲಿ ಒಂದು ಮೂಳೆ ಉಬ್ಬಿ ಕಾಣುತ್ತದೆ. ಸೊಂಟದ ಮೂಳೆಯ ಮೇಲಂಚಿಗೆ ಕೈಯಿಟ್ಟು ಹೆಬ್ಬೆರಳು ಹಿಂದಕ್ಕೆ ಚಾಚಿ. ಕತ್ತಿನ ಆ ಮೂಳೆಯಿಂದ ಹೆಬ್ಬೆರಳುಗಳ ಗೆರೆಯವರೆಗೆ ಬೇರೊಬ್ಬರ ಕೈಯಲ್ಲಿ ಟೇಪು ಹಿಡಿಸಿ. ಅದೇ ನಿಮ್ಮ ಬೆನ್ನಿನ ಅಳತೆ, ಬ್ಯಾಗು ಅದಕ್ಕೆ ಹೊಂದಬೇಕು. ಅಂಗಡಿಯಲ್ಲಿ ಖಾಲಿ ಬ್ಯಾಗು ಹಾಕಿ ನೋಡಿದರೆ ಏನೂ ತಿಳಿಯದು. ಎಂಟು ಹತ್ತು ಕೆಜಿ ತುಂಬಿಸಿ, ಮೊದಲು ಸೊಂಟದ ಪಟ್ಟಿ ಬಿಗಿದು, ಆಮೇಲೆ ಹೆಗಲಿನದು ಎಳೆದು, ಹತ್ತು ನಿಮಿಷ ಓಡಾಡಿ. ಮೆಟ್ಟಿಲಿದ್ದರೆ ಹತ್ತಿ ಇಳಿಯಿರಿ.

ಟೆಂಟು, ಸ್ಲೀಪಿಂಗ್ ಬ್ಯಾಗನ್ನು ಚಾರಣ ಏರ್ಪಡಿಸುವ ತಂಡದವರೇ ಒದಗಿಸಿ ಸಾಗಿಸುವುದಾದರೆ 50 ಲೀಟರ್ ಸಾಕು. ಬ್ಯಾಗು ದೊಡ್ಡದಾದಷ್ಟೂ ತುಂಬುವ ಆಸೆ ಹೆಚ್ಚು. ಬಾಳಿಕೆಗೆ ತಳದ ಬಟ್ಟೆ ದಪ್ಪಗಿದೆಯೇ, ಹೆಗಲ ಪಟ್ಟಿ ಬ್ಯಾಗಿಗೆ ಸೇರುವ ಜಾಗದಲ್ಲಿ ಹೊಲಿಗೆ ದುಪ್ಪಟ್ಟಾಗಿದೆಯೇ ನೋಡಿ. ಕಿತ್ತುಹೋಗುವುದು ಹೆಚ್ಚಾಗಿ ಅಲ್ಲೇ. ಜಿಪ್ಪಿಗೆ ದಾರದ ಕುಣಿಕೆ ಕಟ್ಟಿಕೊಳ್ಳಿ, ಚಳಿಗೆ ಗ್ಲೌಸ್ ಹಾಕಿದ ಕೈಗೆ ಚಿಕ್ಕ ತುದಿ ಸಿಗುವುದಿಲ್ಲ. ರೇನ್ ಕವರ್ ಬೆನ್ನಿನ ಕಡೆಯನ್ನು ಮುಚ್ಚುವುದಿಲ್ಲವಾದ್ದರಿಂದ, ಬಟ್ಟೆಗಳನ್ನು ಒಳಗೇ ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಿ. ಭಾರದ ಸಾಮಾನು ಬೆನ್ನಿಗೆ ಅಂಟಿದಂತೆ, ನಡುಭಾಗದಲ್ಲಿರಲಿ.

ಸುಮಾರು 12,500 ಅಡಿಯ ತುದಿಗೆ ನಡುರಾತ್ರಿ ಕಳೆದ ಮೇಲೆ ಹೊರಡುತ್ತೀರಿ. ದೊಡ್ಡ ಬ್ಯಾಗು ಟೆಂಟಿನಲ್ಲೇ ಉಳಿಯುತ್ತದೆ. ನೀರು, ಟಾರ್ಚು, ಹೆಚ್ಚುವರಿ ಜಾಕೆಟ್ಟಿಗೆ ಮಡಚಿಡಬಹುದಾದ ಸಣ್ಣ ಬ್ಯಾಗೊಂದು ಬೇಕೇ ಬೇಕು. ನೀರಿನ ಬಾಟಲಿಯನ್ನು ಉಣ್ಣೆಯ ಸಾಕ್ಸಿನಲ್ಲಿ ತೂರಿಸಿ ತಲೆಕೆಳಗಾಗಿಡಿ. ಹೆಪ್ಪುಗಟ್ಟಿದರೂ ಮುಚ್ಚಳದ ಕಡೆ ನೀರು ಉಳಿದಿರುತ್ತದೆ.