ಅಪ್ಪು ಹೆಸರಿನಲ್ಲಿ ಒಂದು ವರ್ಷ: ಸೋಮವಾರಪೇಟೆ ಕಡೆಯ ನೇತ್ರದಾನದ ಕೆಲಸ ಎಲ್ಲಿಗೆ ಬಂತು

ಅಕ್ಟೋಬರ್ 2024

29ರ ಪುಣ್ಯಸ್ಮರಣೆ ಮುಗಿಸಿ, ಅನ್ನಸಂತರ್ಪಣೆಯ ಪಾತ್ರೆ ತೊಳೆಯುತ್ತಾ ಕೂತಾಗ ನಮ್ಮ ಅಪ್ಪು ಅಭಿಮಾನಿ ಸಂಘದಲ್ಲಿ ತೀರ್ಮಾನ ಆಯಿತು. ಬರುವ ಮಾರ್ಚ್ 17ಕ್ಕೆ ಅಪ್ಪು ಸರ್ 50ನೇ ಹುಟ್ಟುಹಬ್ಬ. ಆ ವರ್ಷದ ಚಂದಾ ದುಡ್ಡು ಕಟೌಟಿಗೂ ಹಾಲಿನ ಅಭಿಷೇಕಕ್ಕೂ ಹೋಗುವುದು ಬೇಡ, ನೇತ್ರದಾನಕ್ಕೆ ಹೋಗಲಿ.

2021ರ ಆ ಶುಕ್ರವಾರ ಪುನೀತ್ ರಾಜ್‌ಕುಮಾರ್ ಹೋದಾಗ ಅವರಿಗೆ 46 ವರ್ಷ. ಮನೆಯವರು ಆ ದುಃಖದಲ್ಲೂ ಕಣ್ಣು ಕೊಟ್ಟರು. ಬೆಂಗಳೂರಿನ ನಾರಾಯಣ ನೇತ್ರಾಲಯದ ವೈದ್ಯರು ಎರಡು ಕಾರ್ನಿಯಾಗಳನ್ನು (ಕಣ್ಣಿನ ಮುಂದಿನ ಪಾರದರ್ಶಕ ಭಾಗ) ಪದರ ಬಿಡಿಸಿ, ಮುಂಪದರವನ್ನು ಇಬ್ಬರಿಗೆ, ಹಿಂಪದರವನ್ನು ಇನ್ನಿಬ್ಬರಿಗೆ ಜೋಡಿಸಿದರು. ಎರಡು ಕಣ್ಣಿನಿಂದ ನಾಲ್ವರಿಗೆ ದೃಷ್ಟಿ ಬಂತು. ಅಣ್ಣಾವ್ರು 2006ರಲ್ಲಿ, ಪಾರ್ವತಮ್ಮನವರು 2017ರಲ್ಲಿ ಇದೇ ದಾನ ಮಾಡಿ ಹೋಗಿದ್ದರು. ದೊಡ್ಮನೆಯವರು ಮೂರು ಸಲ ನಡೆದು ತೋರಿಸಿದ ದಾರಿಯಲ್ಲಿ ನಾವು ನಡೆಯದಿದ್ದರೆ ಅಭಿಮಾನಿ ಅಂತ ಹೇಳಿಕೊಳ್ಳಲು ನನಗಂತೂ ಮನಸ್ಸು ಬರುವುದಿಲ್ಲ.

ನವೆಂಬರ್, ಡಿಸೆಂಬರ್, ಜನವರಿ

ರಾಜ್ಯೋತ್ಸವದ ದಿನ ಬಾವುಟ ಹಾರಿಸಿದ ಜಾಗದಲ್ಲೇ ಮೇಜು ಹಾಕಿ ನೇತ್ರದಾನದ ಅರ್ಜಿ ತುಂಬಿಸಿದೆವು. ಹುಡುಗರು ಸಾಲಾಗಿ ನಿಂತು ಸಹಿ ಹಾಕಿದರು. ಆಮೇಲೆ ಕಾಫಿ ಕುಯ್ಲು ಶುರುವಾಯಿತು. ಅರೇಬಿಕಾ ಮುಗಿಯುವಷ್ಟರಲ್ಲಿ ರೋಬಸ್ಟಾ. ಆ ದಿನಗಳಲ್ಲಿ ಇಲ್ಲಿ ಯಾವ ಸಂಘದ ಮೀಟಿಂಗೂ ನಡೆಯುವುದಿಲ್ಲ.

ಫೆಬ್ರವರಿ

ಮೈಸೂರಿನ ಕಣ್ಣಿನ ಬ್ಯಾಂಕಿನವರ ಜೊತೆ ಫೋನಿನಲ್ಲಿ ಮಾತಾಡಿದ ಮೇಲೆ ಕೆಲಸದ ರೂಪವೇ ಬದಲಾಯಿತು. ಅರ್ಜಿ ತುಂಬಿದವರೆಲ್ಲ ದಾನಿಗಳಾಗುವುದಿಲ್ಲ. ಸತ್ತ ಮೇಲೆ ಮನೆಯವರು ಒಪ್ಪಬೇಕು. ಮನೆಯವರು ಒಪ್ಪಿದರೆ ಅರ್ಜಿ ತುಂಬದವರ ಕಣ್ಣನ್ನೂ ಕೊಡಬಹುದು. ಅದೂ ಜೀವ ಹೋದ 6 ಗಂಟೆಯೊಳಗೆ ತೆಗೆಯಬೇಕು. ಮೈಸೂರಿನಿಂದ ಮಡಿಕೇರಿಗೇ ಸುಮಾರು 120 ಕಿಲೋಮೀಟರ್. ಅಲ್ಲಿಂದ ಒಳಗಿನ ಊರುಗಳಿಗೆ ತಿರುವು, ಮಂಜು, ಕಿತ್ತುಹೋದ ರಸ್ತೆ. ತಂಡದವರು ತಕ್ಷಣ ಹೊರಟರೂ ಅರ್ಧ ಸಮಯ ದಾರಿಯಲ್ಲೇ ಕಳೆಯುತ್ತದೆ. ಹಾಗಾಗಿ ಸಾವಾದ ಮೊದಲ ಅರ್ಧ ಗಂಟೆಯಲ್ಲಿ ಫೋನ್ ಹೋಗಲೇಬೇಕು. ಅಳು ತುಂಬಿದ ಮನೆಯಲ್ಲಿ ಆ ಫೋನ್ ಮಾಡುವವರು ಯಾರು?

ಈ ಪ್ರಶ್ನೆಗೆ ಉತ್ತರ ಹುಡುಕುವುದೇ ನಮ್ಮ ವರ್ಷದ ಕೆಲಸ ಆಯಿತು. ಊರಿಗೊಬ್ಬ ಅಭಿಮಾನಿಯನ್ನು ಗೊತ್ತುಮಾಡಿದೆವು: ಶಾಂತಳ್ಳಿಗೆ ಒಬ್ಬ, ಮಾದಾಪುರಕ್ಕೆ ಒಬ್ಬ, ಗರ್ವಾಲೆಗೆ ಒಬ್ಬ, ಸುಂಟಿಕೊಪ್ಪಕ್ಕೆ ಇಬ್ಬರು. ಪ್ರತಿಯೊಬ್ಬರ ಹತ್ತಿರ ಮೂರು ನಂಬರ್: ಕಣ್ಣಿನ ಬ್ಯಾಂಕಿನದು, ಸಾವನ್ನು ದೃಢೀಕರಿಸಿ ಬರೆದುಕೊಡುವ ಹತ್ತಿರದ ಡಾಕ್ಟರದು, ತಂಡವನ್ನು ಮುಖ್ಯರಸ್ತೆಯಿಂದ ಮನೆಗೆ ಕರೆತರುವ ಜೀಪಿನವರದು. ನಮ್ಮ ಕಡೆಯ ತೋಟದ ಮನೆಗಳು ಮ್ಯಾಪ್ ನೋಡಿಕೊಂಡು ಬಂದವರಿಗೆ ಸಿಗುವುದಿಲ್ಲ. ಗೇಟು, ಕಣ, ಕೆರೆ, ಅದಾದ ಮೇಲೆ ಮನೆ. ಜೀಪಿನವರೇ ಬೇಕು.

ಮಾರ್ಚ್ 2025

14ರಂದು ‘ಅಪ್ಪು’ ಮತ್ತೆ ಥಿಯೇಟರಿಗೆ ಬಂತು. 2002ರಲ್ಲಿ ಅಪ್ಪು ಸರ್ ನಾಯಕನಾಗಿ ಬಂದ ಮೊದಲ ಸಿನಿಮಾ. ವ್ಯಾನ್ ಮಾಡಿಕೊಂಡು ಮೈಸೂರಿಗೆ ಹೋದೆವು. ಸಿನಿಮಾ ಬಂದಾಗ ಹುಟ್ಟೇ ಇರದಿದ್ದ ಹುಡುಗರು ಡೈಲಾಗನ್ನೆಲ್ಲ ಪರದೆಗಿಂತ ಮೊದಲೇ ಹೇಳುತ್ತಿದ್ದರು. ಗಂಟಲು ಕಟ್ಟಿ ಬಂದೆವು.

17ಕ್ಕೆ ರಕ್ತದಾನ ಶಿಬಿರ. ಇದನ್ನು ಸ್ವಲ್ಪ ವಿವರವಾಗಿ ಬರೆಯಬೇಕು. ತೋಟದ ಕೆಲಸದವರು ಇರುವ ಲೈನ್ ಮನೆಗಳಿಂದ ಹೆಂಗಸರು ಬಂದಿದ್ದರು, ಕೆಲಸ ಬಿಟ್ಟು, ಒಳ್ಳೆಯ ಸೀರೆ ಉಟ್ಟುಕೊಂಡು. ರಕ್ತ ಕೊಡಬೇಕಾದರೆ ಹಿಮೋಗ್ಲೋಬಿನ್ 12.5 ಇರಬೇಕು, ತೂಕ ಕಡಿಮೆ ಅಂದರೂ 45 ಕೆ.ಜಿ. ಬೆರಳು ಚುಚ್ಚಿ ನೋಡಿ ಒಬ್ಬರಾದ ಮೇಲೆ ಒಬ್ಬರನ್ನು ವಾಪಸ್ ಕಳಿಸಿದರು. ಒಬ್ಬ ಅಕ್ಕ ಕೇಳಿದರು, "ನಮ್ಮ ರಕ್ತ ಅಪ್ಪುಗೆ ಆಗಲ್ವಾ ಅಣ್ಣಾ?" ಆ ಮಾತಿಗೆ ಶಿಬಿರದ ಡಾಕ್ಟರಮ್ಮ ಎದ್ದು ಬಂದು, ವಾಪಸ್ ಹೋಗುತ್ತಿದ್ದವರನ್ನೆಲ್ಲ ಕೂರಿಸಿ, ಕಬ್ಬಿಣಾಂಶದ ಮಾತ್ರೆ ಹೇಗೆ ತೆಗೆದುಕೊಳ್ಳಬೇಕು, ಅದರ ಜೊತೆ ಕಾಫಿ ಟೀ ಯಾಕೆ ಕುಡಿಯಬಾರದು ಅಂತ ತಾಳ್ಮೆಯಿಂದ ತಿಳಿಸಿದರು. ಎಷ್ಟು ಬಾಟಲಿ ರಕ್ತ ಸೇರಿತು ಅನ್ನುವುದಕ್ಕಿಂತ ಆ ಅರ್ಧ ಗಂಟೆ ನನಗೆ ದೊಡ್ಡದು. ಅವತ್ತಿನಿಂದ ಆಶಾ ಕಾರ್ಯಕರ್ತೆಯರ ಜೊತೆ ಸೇರಿ ಲೈನ್ ಮನೆಗಳಲ್ಲಿ ರಕ್ತಹೀನತೆ ಪರೀಕ್ಷೆಯನ್ನೂ ನಮ್ಮ ಕೆಲಸಕ್ಕೆ ಸೇರಿಸಿಕೊಂಡೆವು.

ಏಪ್ರಿಲ್, ಮೇ

ಮನೆಮನೆಗೆ ಹೋಗುವ ಕೆಲಸ. ಎಲ್ಲ ಕಡೆ ಅವೇ ಮಾತು: ಸಕ್ಕರೆ ಕಾಯಿಲೆ ಇದೆ, ಪೊರೆ ಆಪರೇಷನ್ ಆಗಿದೆ, ಕನ್ನಡಕ ಹಾಕ್ತೀನಿ. ಇವು ಯಾವುದೂ ಅಡ್ಡಿಯಲ್ಲ. ಎಚ್‌ಐವಿ, ಹೆಪಟೈಟಿಸ್, ರೇಬಿಸ್‌ನಂಥ ಸೋಂಕು ಇದ್ದರೆ ತೆಗೆದುಕೊಳ್ಳುವುದಿಲ್ಲ. ಮುಂದಿನ ಜನ್ಮದಲ್ಲಿ ಕುರುಡಾಗಿ ಹುಟ್ಟುತ್ತಾರೆ ಅನ್ನುವವರೂ ಇದ್ದರು. ಅವರ ಜೊತೆ ವಾದ ಮಾಡಲಿಲ್ಲ. ಅಪ್ಪು ಸರ್ ಫೋಟೊ ತೋರಿಸಿ, ಇವರು ಕೊಟ್ಟಿದ್ದಾರೆ ಅಂದೆವು. ಎಷ್ಟೋ ಮನೆಗಳಲ್ಲಿ ಅಷ್ಟೇ ಸಾಕಾಯಿತು.

ಈ ಸಲ ಮುಂಗಾರು ಮೇ 24ಕ್ಕೇ ಕೇರಳ ಮುಟ್ಟಿತು. ಇಲ್ಲಿ ಮರ ಬಿದ್ದು ಕರೆಂಟ್ ಹೋಯಿತು, ಕರೆಂಟ್ ಹೋದ ಮೇಲೆ ಮೊಬೈಲ್ ಟವರೂ ಹೋಯಿತು. ನಮ್ಮ ಮೂರು ನಂಬರುಗಳಿಗೆ ಗರ್ವಾಲೆಯಲ್ಲಿ ಬೆಲೆಯೇ ಇಲ್ಲದ ಹಾಗಾಯಿತು. ಸಿಗ್ನಲ್ ಸಿಗುವ ಏರಿನವರೆಗೆ ಬೈಕಿನಲ್ಲಿ ಹೋಗಿ ಫೋನ್ ಮಾಡಲು ಇಬ್ಬರು ಹುಡುಗರು ತಾವಾಗಿಯೇ ಒಪ್ಪಿಕೊಂಡರು.

ಸೆಪ್ಟೆಂಬರ್

ಆಗಸ್ಟ್ 25ರಿಂದ ಸೆಪ್ಟೆಂಬರ್ 8ರವರೆಗೆ ರಾಷ್ಟ್ರೀಯ ನೇತ್ರದಾನ ಪಾಕ್ಷಿಕ. ಅದು ಮುಗಿಯುವ ಮೊದಲೇ, ನಮ್ಮ ಹುಡುಗನೊಬ್ಬನ ಅಜ್ಜಿ ರಾತ್ರಿ ಊಟದ ಹೊತ್ತಿಗೆ ತೀರಿಕೊಂಡರು. ಅಪ್ಪು ಅವರ ಹುಟ್ಟುಹೆಸರು ಲೋಹಿತ್ ಅಂತ ಗೊತ್ತಿದ್ದ ಅಜ್ಜಿ. ಟಿವಿಯಲ್ಲಿ ಕಂಡಾಗೆಲ್ಲ "ನಮ್ಮ ಲೋಹಿತ" ಅನ್ನುತ್ತಿದ್ದರು.

ಮೊಮ್ಮಗನೇ ಫೋನ್ ಮಾಡಿದ. ಹೇಳಿಕೊಟ್ಟಿದ್ದನ್ನೆಲ್ಲ ಮಾಡಿದ್ದ: ರೆಪ್ಪೆ ಮುಚ್ಚಿ, ಒದ್ದೆ ಹತ್ತಿ ಇಟ್ಟು, ತಲೆಯಡಿ ಎರಡು ದಿಂಬು ಕೊಟ್ಟು. ಫ್ಯಾನ್ ಆರಿಸಬೇಕು ಅಂತಲೂ ಕಣ್ಣಿನ ಬ್ಯಾಂಕಿನವರು ಹೇಳುತ್ತಾರೆ. ನಮ್ಮ ಚಳಿಯ ಊರಿನ ಆ ಮನೆಯಲ್ಲಿ ಫ್ಯಾನೇ ಇರಲಿಲ್ಲ. ಅಜ್ಜಿಯ ತಮ್ಮ ಬಾಗಿಲಲ್ಲಿ ನಿಂತು, "ಅಕ್ಕನ್ನ ಕಣ್ಣಿಲ್ಲದೆ ಕಳಿಸ್ತೀರಾ?" ಅಂದರು. ಸೊಸೆ ಮೆಲ್ಲಗೆ, "ಮಾವಾ, ಅತ್ತೆ ಅರ್ಜಿಗೆ ತಾವೇ ಹೆಬ್ಬೆಟ್ಟು ಒತ್ತಿದ್ದು. ಲೋಹಿತ ಕೊಟ್ಟಿದ್ದನ್ನ ನಾನೂ ಕೊಡ್ತೀನಿ ಅಂದಿದ್ರು" ಅಂದರು. ಅವರು ಏನೂ ಹೇಳದೆ ಹೊರಗೆ ಹೋಗಿ ಜಗಲಿಯ ಮೇಲೆ ಕೂತರು.

ಜೀಪಿನ ಬೆಳಕಲ್ಲಿ ತಂಡ ಬಂದು ತಲುಪುವಾಗ ಮಧ್ಯರಾತ್ರಿ ದಾಟಿತ್ತು, 6 ಗಂಟೆ ಇನ್ನೂ ಆಗಿರಲಿಲ್ಲ. ಒಳಗಿನ ಕೋಣೆಯಲ್ಲಿ ಇಪ್ಪತ್ತು ನಿಮಿಷದ ಕೆಲಸ, ಪರೀಕ್ಷೆಗೆ ಒಂದಿಷ್ಟು ರಕ್ತ, ಇಬ್ಬರ ಸಾಕ್ಷಿ ಸಹಿ. ಆಮೇಲೆ ಮೊದಲು ಒಳಗೆ ಹೋಗಿ ಮುಖ ನೋಡಿದವರು ಆ ತಮ್ಮನೇ. "ಏನೂ ಗೊತ್ತಾಗಲ್ಲ, ಮಲಗಿದ ಹಾಗೇ ಇದ್ದಾಳೆ" ಅಂತ ಎಲ್ಲರನ್ನೂ ಕರೆದು ತೋರಿಸಿದರು. ಬೆಳಗ್ಗೆ ಶವಸಂಸ್ಕಾರಕ್ಕೆ ಬಂದವರಿಗೆ ನೇತ್ರದಾನದ ವಿಷಯ ಹೇಳಿದವರೂ ಅವರೇ. ಕಣ್ಣು ಯಾರಿಗೆ ಹೋಯಿತು ಅನ್ನುವುದನ್ನು ಬ್ಯಾಂಕಿನವರು ಹೇಳುವುದಿಲ್ಲ, ನಾವೂ ಕೇಳಲಿಲ್ಲ.

ಅಕ್ಟೋಬರ್ 2025

ತಲಕಾವೇರಿಯ ತೀರ್ಥೋದ್ಭವ, ದಸರಾ ಎಲ್ಲ ಮುಗಿದು ಮತ್ತೆ 29 ಬಂತು. ಈ ಸಲದ ಪುಣ್ಯಸ್ಮರಣೆಗೆ ಆ ಅಜ್ಜಿಯ ಮನೆಯವರೆಲ್ಲ ಬಂದು ಅಡುಗೆಗೆ ನಿಂತರು. ಕುಶಾಲನಗರದ ಅಭಿಮಾನಿಗಳು ಅಲ್ಲೂ ಇದೇ ಏರ್ಪಾಡು ಮಾಡುತ್ತೇವೆ ಅಂದಿದ್ದಾರೆ, ನಮ್ಮ ನಂಬರುಗಳ ಪಟ್ಟಿಯ ಮಾದರಿ ಕೊಟ್ಟಿದ್ದೇವೆ. ಶನಿವಾರಸಂತೆ ಕಡೆಗೆ ಇನ್ನೂ ಜೀಪಿನವರು ಸಿಕ್ಕಿಲ್ಲ. ಕುಯ್ಲು ಶುರುವಾಗುವ ಮೊದಲು ಅದೊಂದು ಆಗಬೇಕು. ವಿರಾಜಪೇಟೆ, ಪೊನ್ನಂಪೇಟೆ ಕಡೆಯ ಅಪ್ಪು ಅಭಿಮಾನಿಗಳು ಯಾರಾದರೂ ಮುಂದೆ ಬಂದರೆ, ಒಂದು ಭಾನುವಾರ ನಾವೇ ಅಲ್ಲಿಗೆ ಬಂದು ಎಲ್ಲ ವಿವರ ಕೂತು ಹೇಳಿಕೊಡುತ್ತೇವೆ.