ರೋಹಿಣಿಯ ಪಕ್ಕದ ಧೂಳು

ಚಿಕ್ಕಮಗಳೂರು, 19 ಡಿಸೆಂಬರ್ 2025, ಶುಕ್ರವಾರ

ಅಮಾವಾಸ್ಯೆ. ಕಣದಲ್ಲಿ ಹರವಿದ್ದ ಕಾಫಿಗೆ ಇಬ್ಬನಿ ಬೀಳದ ಹಾಗೆ ಟಾರ್ಪಾಲು ಹೊದಿಸುವಷ್ಟರಲ್ಲಿ ಎಂಟೂವರೆ ಆಗಿತ್ತು. ರಜೆಗೆ ಬಂದಿರುವ ತಮ್ಮನ ಮಗಳಿಗೆ ಪೂರ್ವದಲ್ಲಿ ರೋಹಿಣಿ ತೋರಿಸಿದೆ. ಕೈ ಚಾಚಿ ಹೆಬ್ಬೆರಳು ಹಿಡಿದರೆ ಎಷ್ಟು ಅಗಲವೋ, ಅದರಿಂದ ಅಷ್ಟೇ ದೂರದಲ್ಲಿ ಎಚ್‌ಎಲ್ ಟೌ ಅನ್ನುವ ಎಳೆಯ ನಕ್ಷತ್ರ ಇದೆ.

"ಏನೂ ಕಾಣಲ್ವಲ್ಲ ದೊಡ್ಡಪ್ಪ!"

ಬರಿಗಣ್ಣಿಗೆ ಕಾಣುವುದಿಲ್ಲ. ಪಕ್ಕ ಅಂದರೂ ನೋಟಕ್ಕಷ್ಟೇ ಪಕ್ಕ. ರೋಹಿಣಿ 65 ಜ್ಯೋತಿರ್ವರ್ಷ ದೂರ, ಇದು ಸುಮಾರು 450. ವಯಸ್ಸು ಹೆಚ್ಚೆಂದರೆ 10 ಲಕ್ಷ ವರ್ಷ. ನಮ್ಮ ಸೂರ್ಯನಿಗೆ 460 ಕೋಟಿ.

ಫೋನಿನಲ್ಲಿ 2014ರ ಚಿತ್ರ ತೋರಿಸಿದೆ. ಚಿಲಿಯ ಅಟಕಾಮಾ ಮರುಭೂಮಿಯಲ್ಲಿ, 5000 ಮೀಟರ್ ಎತ್ತರದಲ್ಲಿರುವ ಆಲ್ಮಾ ದೂರದರ್ಶಕ ತೆಗೆದದ್ದು. ಅಲ್ಲಿ ಒಟ್ಟು 66 ಆಂಟೆನಾ ಇವೆ. ಹಿಡಿಯುವುದು ನಕ್ಷತ್ರದ ಬೆಳಕನ್ನಲ್ಲ, ಸುತ್ತಲಿನ ಧೂಳೇ ಸೂಸುವ ಮಿಲಿಮೀಟರ್ ಉದ್ದದ ರೇಡಿಯೋ ಅಲೆಗಳನ್ನು. ಆ ಧೂಳು, ಅನಿಲ ನಕ್ಷತ್ರದ ಸುತ್ತ ತಟ್ಟೆಯ ಹಾಗೆ ಹರಡಿರುತ್ತದೆ. ತಟ್ಟೆಯ ತುಂಬ ಹೊಳೆಯುವ ಉಂಗುರಗಳು, ನಡುನಡುವೆ ಕಪ್ಪು ಖಾಲಿ ಜಾಗ. ಬೆಳೆಯುವ ಗ್ರಹ ತನ್ನ ದಾರಿಯ ಧೂಳು ಗುಡಿಸಿದರೆ ಹೀಗೆ ಖಾಲಿ ಬೀಳುತ್ತದೆ. ಇಷ್ಟು ಎಳೆಯ ನಕ್ಷತ್ರದ ಸುತ್ತ ಆಗಲೇ ಗ್ರಹ ಕಟ್ಟುತ್ತಿದೆಯಾ ಅಂತ ಎಲ್ಲರಿಗೂ ಬೆರಗು.

ನನಗೆ ರೇಗುವುದು ಇಲ್ಲೇ. ಖಾಲಿ ಜಾಗ ಕಂಡ ಕೂಡಲೇ 'ಹೊಸ ಗ್ರಹ' ಅಂತ ಸುದ್ದಿ ಮಾಡಿಬಿಡುತ್ತಾರೆ. ಕಣದ ಕಾಫಿಯಲ್ಲಿ ಒಂದು ಗೆರೆ ಖಾಲಿ ಬಿದ್ದಿದ್ದರೆ ಆಳು ಕಾಲಲ್ಲಿ ಎಳೆದದ್ದೋ, ನಾಯಿ ಓಡಿದ್ದೋ, ಗೆರೆ ನೋಡಿ ಹೇಳೋಕಾಗುತ್ತಾ? ತಟ್ಟೆಯಲ್ಲೂ ಹಾಗೇ. ನಕ್ಷತ್ರದಿಂದ ದೂರ ಹೋದಂತೆ ಅನಿಲಗಳು ಧೂಳಿನ ಮೇಲೆ ಹೆಪ್ಪುಗಟ್ಟುತ್ತವೆ. ಅದರಿಂದಲೂ ಉಂಗುರ ಮೂಡಬಹುದು. ಕಾಂತಕ್ಷೇತ್ರದಿಂದಲೂ ಮೂಡಬಹುದು.

ಅದಕ್ಕೇ ಅನಿಲದ ವೇಗ ಅಳೆಯುವವರ ಕೆಲಸ ನನಗೆ ಜಾಸ್ತಿ ಇಷ್ಟ. ತಟ್ಟೆಯ ಕಾರ್ಬನ್ ಮಾನಾಕ್ಸೈಡ್ ಅನಿಲ ಕೆಪ್ಲರ್ ಹೇಳಿದ ಲೆಕ್ಕದಲ್ಲೇ ಸುತ್ತಬೇಕು: ನಕ್ಷತ್ರಕ್ಕೆ ಹತ್ತಿರದ್ದು ಜೋರಾಗಿ, ದೂರದ್ದು ನಿಧಾನವಾಗಿ. ಎಲ್ಲೋ ಒಂದು ಕಡೆ ಆ ಲೆಕ್ಕ ತಪ್ಪಿದರೆ ಅಲ್ಲಿ ಏನೋ ಎಳೆಯುತ್ತಿರಬಹುದು ಅಂತ ಅರ್ಥ. 2018ರಲ್ಲಿ ಎರಡು ತಂಡಗಳು ಎಚ್‌ಡಿ 163296 ಅನ್ನುವ ನಕ್ಷತ್ರದ ಸುತ್ತ ಹೀಗೆ ಗ್ರಹಗಳ ಸುಳಿವು ಹಿಡಿದವು. ಅದೇ ವರ್ಷ ಪಿಡಿಎಸ್ 70 ಅನ್ನುವ ನಕ್ಷತ್ರದ ತಟ್ಟೆಯ ಖಾಲಿ ಜಾಗದಲ್ಲಿ ಗ್ರಹವೇ ಫೋಟೋದಲ್ಲಿ ಸಿಕ್ಕಿತು. ಮರುವರ್ಷ ಅಲ್ಲೇ ಇನ್ನೊಂದು ಗ್ರಹ.

ಫೋಟೋ ಸಿಕ್ಕರೂ ಪೂರ್ತಿ ನಂಬುವ ಹಾಗಿಲ್ಲ. ರೋಹಿಣಿಯ ವೃಷಭ ರಾಶಿಯಲ್ಲೇ ಇರುವ ಎಲ್‌ಕೆಸಿಎ 15 ಅನ್ನುವ ನಕ್ಷತ್ರದ ಸುತ್ತ ಗ್ರಹ ಕಂಡಿದೆ ಅಂತ 2015ರಲ್ಲಿ ಬಂತು. ನಾಲ್ಕು ವರ್ಷದ ಮೇಲೆ ಬೇರೆ ತಂಡ ನೋಡಿದರೆ, ಅದು ತಟ್ಟೆಯದೇ ಬೆಳಕು.

"ಹಾಗಾದ್ರೆ ಎಚ್‌ಎಲ್ ಟೌನಲ್ಲಿ?"

ನೇರವಾಗಿ ಯಾರಿಗೂ ಕಂಡಿಲ್ಲ. ಅಲ್ಲಿ ಧೂಳು ಬಹಳ ದಟ್ಟ. ಒಳಗೆ ಗ್ರಹ ಇದ್ದರೂ ಬೆಳಕು ಹೊರಬರುವುದು ಕಷ್ಟ. ಈ ಆಗಸ್ಟ್‌ನಲ್ಲಿ ಸುದ್ದಿಯಾದ ವಿಸ್ಪಿಟ್ 2ಬಿ ಹಾಗಲ್ಲ. ಉಂಗುರಗಳ ನಡುವೆ ಗುರುವಿನ ಸುಮಾರು ಐದರಷ್ಟು ತೂಕದ ಗ್ರಹ, ಮೈಮೇಲೆ ಬೀಳುವ ಹೈಡ್ರೋಜನ್‌ನಿಂದ ಇನ್ನೂ ಕೆಂಪಗೆ ಹೊಳೆಯುತ್ತಿದೆ.

"ಅದೆಲ್ಲಿದೆ, ತೋರ್ಸಿ."

ಗರುಡ ನಕ್ಷತ್ರಪುಂಜದಲ್ಲಿ. ಆಗಲೇ ಮುಳುಗಿಯಾಗಿತ್ತು. ಆ ಕಡೆ ನೋಡಬೇಕಾದರೆ ಮೇ ತಿಂಗಳಲ್ಲಿ ಬೆಳಗಿನ ಜಾವ ಏಳಬೇಕು ಅಂದೆ. ಪರೀಕ್ಷೆ ಮುಗಿದಿರುತ್ತೆ, ಬರ್ತೀನಿ ಅಂದಳು.